ಪೆಲೆಟ್ ಒಲೆ: ಬೂದಿ ತೆಗೆದರೆ ಉರಿ, ಬಿಟ್ಟರೆ ಹೊಗೆ



ಬಿ.ಜಿ. ಕೆರೆ ಸುತ್ತಿನ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ ಎಣಿಸಿ, ಸಾಲದ ಕಂತು ಬರೆದು, ಪುಸ್ತಕ ಮುಚ್ಚುವ ಹೊತ್ತಿಗೆ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ. "ಪೆಲೆಟ್ ಒಲೆ ತಗೊಂಡ್ವಿ, ಮೊದ್ಲು ಚೆನ್ನಾಗಿ ಉರೀತಿತ್ತು, ಈಗ ಬರೀ ಹೊಗೆ" ಎಂಬುದು ಆ ಮಾತು. ಕೆಲವರು ಒಲೆಯನ್ನು ಅಟ್ಟಕ್ಕೆ ಹಾಕಿ ಮತ್ತೆ ಮೂರು ಕಲ್ಲಿನ ಒಲೆ ಹೂಡಿದ್ದಾರೆ. ಒಲೆ ಅಟ್ಟ ಹತ್ತಿದರೂ ಅದರ ಸಾಲದ ಕಂತು ಅಟ್ಟ ಹತ್ತುವುದಿಲ್ಲ, ಅದು ವಾರಕ್ಕೊಮ್ಮೆ ಬಂದು ಕೂರುತ್ತದೆ.

ಹೀಗೆ ಅಟ್ಟ ಸೇರಿದ ಒಲೆಗಳನ್ನು ಕೆಳಗಿಳಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಒಡೆದದ್ದು, ಮುರಿದದ್ದು ಏನೂ ಇರುವುದಿಲ್ಲ. ಜಾಲರಿಯ ತೂತು ಬೂದಿಯಿಂದ ಕಟ್ಟಿರುತ್ತದೆ, ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿರುತ್ತದೆ, ಬ್ಯಾಟರಿ ತಿಂಗಳುಗಟ್ಟಲೆ ಚಾರ್ಜ್ ಕಾಣದೆ ಸತ್ತಿರುತ್ತದೆ. ಮೊದಲೆರಡಕ್ಕೆ ಕಾಸಿನ ಖರ್ಚಿಲ್ಲ. ಒಂದು ಹಳೆ ಹಲ್ಲುಜ್ಜುವ ಬ್ರಶ್ಶು, ನಾಲ್ಕು ತೆಂಗಿನ ಪೊರಕೆ ಕಡ್ಡಿ, ದಿನಕ್ಕೆ ಐದು ನಿಮಿಷ ಇದ್ದರೆ ಸಾಕು. ಅದನ್ನು ಹೇಗೆ ಮಾಡಬೇಕು, ಯಾಕೆ ಮಾಡಬೇಕು ಎಂದು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇವೆ. ಓದಲು ಬಾರದ ಸದಸ್ಯೆಯರಿಗೆ ಸಭೆಯಲ್ಲಿ ಯಾರಾದರೂ ಓದಿ ಹೇಳಿ.

ಹೊಗೆ ಎಂದರೆ ಕಣ್ಣುರಿ, ಕೆಮ್ಮು ಅಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಒಲೆ ಮುಂದೆ ಕೂತವಳು ತಾಯಿ, ಅವಳ ಮಡಿಲಲ್ಲಿ ಇರುವುದು ಕೂಸು, ಆದ್ದರಿಂದ ಹೊಗೆ ಮೊದಲು ತಗಲುವುದು ಈ ಇಬ್ಬರಿಗೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಬರೆದ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಕೂಡ ಅಡುಗೆಯ ಉರುವಲಿನ ಹೊಗೆ ಕುಡಿದು ಜನ ಕಾಯಿಲೆ ಬೀಳುವ ವಿಷಯ ಬಂದಿದೆ. ದೊಡ್ಡ ದೊಡ್ಡ ಕಾರ್ಖಾನೆಗಳ ಹೊಗೆಯ ಮಾತಿನ ಜೊತೆಗೆ ನಮ್ಮ ಅಡುಗೆಮನೆಯ ಹೊಗೆಗೂ ಅಲ್ಲಿ ಜಾಗ ಸಿಕ್ಕಿದೆ ಎಂದು ನಮಗೆ ಸಮಾಧಾನ.

ಈ ಒಲೆ ಬಂದದ್ದು ಎಲ್ಲಿಂದ?

ಪೆಲೆಟ್ ಎಂದರೆ ಒಣ ಸಿಪ್ಪೆ, ಹೊಟ್ಟು, ಮರದ ಪುಡಿಯನ್ನು ಯಂತ್ರದಲ್ಲಿ ಬಲವಾಗಿ ಒತ್ತಿ ಮಾಡಿದ, ಕಿರುಬೆರಳಿನ ದಪ್ಪದ ಗುಳಿಗೆ. ದನದ ಮೇವಿನ ಪೆಲೆಟ್ ನೋಡಿದವರಿಗೆ ಇದು ಹೊಸ ವಸ್ತು ಅನ್ನಿಸುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ ಅಂಟು ಹಾಕುವುದಿಲ್ಲ. ಒತ್ತುವಾಗ ಹುಟ್ಟುವ ಬಿಸಿಗೆ ಸಿಪ್ಪೆಯೊಳಗಿನ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ತಾನೇ ಅಂಟಿನಂತೆ ಹಿಡಿದುಕೊಳ್ಳುತ್ತದೆ. ನೀರು ಬಿದ್ದರೆ ಆ ಹಿಡಿತ ಬಿಟ್ಟು ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಮೆರಿಕ, ಯೂರೋಪಿನಲ್ಲಿ 1980ರ ದಶಕದಿಂದ ಪೆಲೆಟ್ ಒಲೆಗಳಿವೆ. ಆದರೆ ಅವು ಚಳಿಗಾಲದಲ್ಲಿ ಮನೆ ಬೆಚ್ಚಗೆ ಇಡುವ, ಕರೆಂಟಿನಲ್ಲಿ ನಡೆಯುವ, ಬೀರುವಿನಂಥ ಒಲೆಗಳು. ನಮ್ಮ ಮೊಳಕಾಲ್ಮೂರು ಬಿಸಿಲಿಗೆ ಮನೆ ಬೆಚ್ಚಗೆ ಮಾಡುವ ಒಲೆ ಯಾರಿಗೆ ಬೇಕು! ನಮಗೆ ಬಂದದ್ದು ಅಡುಗೆಯ ಪೆಲೆಟ್ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎಚ್.ಎಸ್. ಮುಕುಂದ ಅವರ ತಂಡದ ಕೆಲಸದಿಂದ ಬಂದ ಒಲೆಯನ್ನು ಬಿ.ಪಿ. ಕಂಪನಿ 2006ರಲ್ಲಿ 'ಊರ್ಜಾ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಇದೇ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಈಗ ನಮ್ಮ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿದೆ. ಮಹಾರಾಷ್ಟ್ರದಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಸ್ವಸಹಾಯ ಸಂಘಗಳ ಮಹಿಳೆಯರೇ ಹಳ್ಳಿ ಹಳ್ಳಿ ತಿರುಗಿ ಒಲೆ, ಪೆಲೆಟ್ ಎರಡನ್ನೂ ಮಾರಿದರು. 2010ರ ಹೊತ್ತಿಗೆ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು ಮುಂತಾದ ಕಡೆ ಸುಮಾರು 4 ಲಕ್ಷ ಒಲೆ ಮಾರಾಟವಾಗಿದ್ದವು. ಅಷ್ಟರಲ್ಲಿ, 2009ರಲ್ಲಿ, ವ್ಯಾಪಾರ ಪುಣೆಯ ಫಸ್ಟ್ ಎನರ್ಜಿ ಕಂಪನಿಯ ಕೈಗೆ ಹೋಗಿತ್ತು. ಹೊಟ್ಟು, ಸಿಪ್ಪೆಗೆ ಕಾರ್ಖಾನೆಗಳ ಬಾಯ್ಲರಿನಿಂದಲೂ ಬೇಡಿಕೆ ಬಂದು ಬೆಲೆ ಏರಿತು, ಪೆಲೆಟ್ ಬೆಲೆಯೂ ಏರಿತು, ಬಡವರ ಮನೆಗಳು ಒಂದೊಂದಾಗಿ ಬಿಟ್ಟವು. ಕಂಪನಿಯೂ ಹೋಟೆಲು, ದೊಡ್ಡ ಅಡುಗೆಮನೆಗಳ ಕಡೆ ತಿರುಗಿತು. ಆಮೇಲೆ ಬೇರೆ ಬೇರೆ ಹೆಸರಿನ ಫ್ಯಾನ್ ಒಲೆಗಳು ಬಂದಿವೆ. ಹೆಸರು ಯಾವುದೇ ಇರಲಿ, ಒಳಗಿನ ಕೆಲಸ ಹೆಚ್ಚು ಕಡಿಮೆ ಒಂದೇ.

ಇದಕ್ಕೆ ಬೇಕಾದ ಸಿಪ್ಪೆ ನಮ್ಮ ಕಾಲ ಬುಡದಲ್ಲೇ ಇದೆ ಎಂಬುದನ್ನೂ ಹೇಳಬೇಕು. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆದದ್ದೇ ಶೇಂಗಾದಿಂದ. ಒಂದು ಚೀಲ ಶೇಂಗಾ ಸುಲಿದರೆ ತೂಕದಲ್ಲಿ ಕಾಲು ಭಾಗಕ್ಕೂ ಮೇಲೆ ಸಿಪ್ಪೆಯೇ ಬರುತ್ತದೆ. ನಮ್ಮ ಹೊಲದ ಸಿಪ್ಪೆ ಲಾರಿ ಹತ್ತಿ ಹೋಗಿ ಗುಳಿಗೆಯಾಗಿ ತಿರುಗಿ ನಮಗೇ ಕಿಲೋ ಲೆಕ್ಕದಲ್ಲಿ ಮಾರಾಟಕ್ಕೆ ಬರುವುದು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅದು ಬೇರೆ ಚರ್ಚೆ.

ಒಳಗೆ ಏನು ನಡೆಯುತ್ತದೆ

ಶುಚಿ ಮಾಡುವ ಮೊದಲು ಒಲೆಯ ಒಳಗುಟ್ಟು ಗೊತ್ತಿರಬೇಕು. ನಡುವೆ ಮಣ್ಣಿನ ಅಥವಾ ಪಿಂಗಾಣಿಯ ಒಳಗೋಡೆಯ ಒಂದು ಉರಿಗುಂಡಿ ಇದೆ. ಅದರ ತಳದಲ್ಲಿ ತೂತುಗಳ ಜಾಲರಿ. ಮೇಲಂಚಿನ ಹತ್ತಿರ ಸುತ್ತಲೂ ಸಾಲು ತೂತುಗಳು. ಕೆಳಗೋ ಪಕ್ಕದಲ್ಲೋ ಒಂದು ಚಿಕ್ಕ ಫ್ಯಾನು, ಅದಕ್ಕೊಂದು ಬ್ಯಾಟರಿ. ಫ್ಯಾನಿನ ಗಾಳಿ ಎರಡು ಪಾಲಾಗಿ ಹೋಗುತ್ತದೆ. ಒಂದು ಪಾಲು ಜಾಲರಿಯ ಮೂಲಕ ಕೆಳಗಿನಿಂದ ಪೆಲೆಟ್ ನಡುವೆ ನುಗ್ಗುತ್ತದೆ. ಈ ಗಾಳಿ ಬೇಕೆಂದೇ ಕಡಿಮೆ ಇರುತ್ತದೆ. ಹೀಗಾಗಿ ಪೆಲೆಟ್ ಪೂರ್ತಿ ಉರಿಯದೆ, ಬೆಂದು ಉರಿಯುವ ಅನಿಲ ಬಿಡುತ್ತದೆ. ಇನ್ನೊಂದು ಪಾಲು ಮೇಲಿನ ತೂತುಗಳಿಂದ ಚಿಮ್ಮಿ ಆ ಅನಿಲಕ್ಕೆ ಸೇರುತ್ತದೆ, ಆಗ ಅದು ಗ್ಯಾಸಿನಂತೆ ಹತ್ತಿ ಉರಿಯುತ್ತದೆ.

ಹೊಗೆ ಎಂದರೆ ಉರಿಯದೆ ತಪ್ಪಿಸಿಕೊಂಡು ಹೋದ ಅನಿಲ ಮತ್ತು ಮಸಿ. ಮೇಲಿನ ತೂತು ಕಟ್ಟಿದರೆ ಅನಿಲ ಹುಟ್ಟುತ್ತದೆ, ಉರಿಯುವುದಿಲ್ಲ, ದಟ್ಟ ಹೊಗೆ ಬರುತ್ತದೆ. ಕೆಳಗಿನ ಜಾಲರಿ ಕಟ್ಟಿದರೆ ಅನಿಲವೇ ಸರಿಯಾಗಿ ಹುಟ್ಟುವುದಿಲ್ಲ, ಉರಿ ಮಂಕಾಗಿ ಅನ್ನ ಬೇಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಮ್ಮಾರನ ಕುಲುಮೆಯಲ್ಲಿ ತಿದಿಯ ಬಾಯಿಗೆ ಮಣ್ಣು ತುಂಬಿದರೆ ಏನಾದೀತೋ ಹಾಗೆ.

ದಿನದ ಕೆಲಸ

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಶುಚಿ ಮಾಡುವುದು ಒಳ್ಳೆಯದು. ರಾತ್ರಿ ಅಡುಗೆ ಮುಗಿದ ಕೂಡಲೇ ಬೇಡ, ಕೆಂಡ ಇನ್ನೂ ಜೀವ ಹಿಡಿದಿರುತ್ತದೆ. ಪೂರ್ತಿ ಆರಿದ ಒಲೆಯನ್ನು ಹೊರಗೆ ಒಯ್ದು, ಗಾಳಿಗೆ ಬೆನ್ನು ಕೊಟ್ಟು, ಕಬ್ಬಿಣದ ಬುಟ್ಟಿಗೋ ಹಳೆ ತಗಡಿನ ಡಬ್ಬಕ್ಕೋ ಬೂದಿ ಬಗ್ಗಿಸಿ. ಮೂಗಿಗೆ ಸೆರಗು ಕಟ್ಟಿಕೊಳ್ಳಿ. ಜಾಲರಿ ಬಿಚ್ಚಿ ಬರುವಂಥದ್ದಾದರೆ ತೆಗೆದು ತಟ್ಟಿ. ಒಂದೊಂದು ತೂತನ್ನೂ ಬೆಳಕಿಗೆ ಹಿಡಿದು ನೋಡಿ, ಬೆಳಕು ಕಾಣದ ತೂತಿಗೆ ಪೊರಕೆ ಕಡ್ಡಿ ಹಾಕಿ ಬಿಡಿಸಿ.

ಮೊಳೆ, ಸ್ಕ್ರೂಡ್ರೈವರ್ ಹಾಕಿ ತಿರುವುವವರಿದ್ದಾರೆ. ಅದು ಬೇಡ. ತೂತು ದೊಡ್ಡದಾದರೆ ಎರಡು ಪಾಲಿನ ಗಾಳಿಯ ಲೆಕ್ಕವೇ ತಪ್ಪುತ್ತದೆ. ಕೆಳಗಿನ ಗಾಳಿ ಹೆಚ್ಚಾಗಿ ಪೆಲೆಟ್ ಬೇಗ ಮುಗಿಯುತ್ತದೆ, ಮೇಲೆ ಮಸಿ ಶುರುವಾಗುತ್ತದೆ. ಪಿಂಗಾಣಿ ಗೋಡೆಯ ತೂತಿಗಂತೂ ಕಬ್ಬಿಣ ತಾಗಿಸಲೇಬೇಡಿ, ಅಂಚು ಸಿಡಿಯುತ್ತದೆ.

ಕೆಲವು ಸಲ ಜಾಲರಿ ಮೇಲೆ ಗಾಜಿನಂತೆ ಕರಗಿ ಗಟ್ಟಿಯಾದ ಗಡ್ಡೆ ಕಾಣುತ್ತದೆ. ಇದಕ್ಕೆ ಕಿಟ್ಟ ಎನ್ನೋಣ, ಕಮ್ಮಾರರು ಹೇಳುವ ಕಿಟ್ಟದ ಹಾಗೇ ಇರುತ್ತದೆ. ಸಿಪ್ಪೆಯ ಜೊತೆ ಹೊಲದ ಮಣ್ಣು, ಮರಳು ಸೇರಿದ್ದರೆ ಜೋರು ಉರಿಗೆ ಬೂದಿ ಕರಗಿ ಕಿಟ್ಟವಾಗುತ್ತದೆ. ಇದನ್ನು ದಿನಾ ಕೈಯಿಂದ ಎತ್ತಿ ಬಿಸಾಕಿದರೆ ತೊಂದರೆಯಿಲ್ಲ, ನಾಲ್ಕು ದಿನ ಬಿಟ್ಟರೆ ಜಾಲರಿಗೆ ಬೆಸುಗೆ ಹಾಕಿದಂತೆ ಕೂರುತ್ತದೆ. ಕಿಟ್ಟ ತೀರಾ ಹೆಚ್ಚು ಬರುತ್ತಿದ್ದರೆ ತಪ್ಪು ಪೆಲೆಟ್‌ನದು, ಒಲೆಯದಲ್ಲ. ಭತ್ತದ ಹೊಟ್ಟು ಹೆಚ್ಚಿರುವ ಪೆಲೆಟ್‌ನಲ್ಲಿ ಬೂದಿ ವಿಪರೀತ. ಹೊಟ್ಟಿನಲ್ಲಿ ನೂರು ಕಿಲೋಗೆ 15ರಿಂದ 20 ಕಿಲೋವರೆಗೆ ಬೂದಿಯೇ ಉಳಿಯುತ್ತದೆ. ಒಳ್ಳೆ ಮರದ ಪುಡಿಯಲ್ಲಿ ಒಂದು ಕಿಲೋ ಉಳಿದರೆ ಹೆಚ್ಚು. ಶೇಂಗಾ ಸಿಪ್ಪೆ ಇವೆರಡರ ನಡುವೆ, ಮಣ್ಣು ಸೇರಿರದಿದ್ದರೆ ಮರದ ಪುಡಿಯ ಕಡೆಗೇ ಹತ್ತಿರ.

ಬಿಸಿ ಒಲೆಗೆ ನೀರು ಸುರಿಯಬೇಡಿ. ಸೌದೆ ಒಲೆಯಲ್ಲಿ ಕೊಳ್ಳಿಗೆ ನೀರು ಚಿಮುಕಿಸಿ ಆರಿಸುವ ಅಭ್ಯಾಸ ನಮ್ಮ ಕೈಗೆ ಹತ್ತಿಬಿಟ್ಟಿದೆ. ಇಲ್ಲಿ ಹಾಗೆ ಮಾಡಿದರೆ ಒಳಗೋಡೆ ಸೀಳುತ್ತದೆ, ಫ್ಯಾನಿಗೂ ನೀರು ಇಳಿಯುತ್ತದೆ. ಕೂದಲೆಳೆಯಂಥ ಬಿರುಕು ಬಂದರೆ ಹೆದರಬೇಕಾಗಿಲ್ಲ. ಬೆರಳುಗುರು ಹೋಗುವಷ್ಟು ಬಿರುಕಾದರೆ ಫೈರ್ ಕ್ಲೇ ಎಂದು ಕೇಳಿ ತಂದು, ಮೆತ್ತಿ, ಎರಡು ದಿನ ನೆರಳಲ್ಲಿ ಒಣಗಿಸಿ, ಮೊದಲ ದಿನ ಸಣ್ಣ ಉರಿ ಮಾಡಿ. ಮನೆ ಕಟ್ಟುವ ಸಿಮೆಂಟ್ ಹಚ್ಚಿದರೆ ಬಿಸಿಗೆ ಉದುರಿಹೋಗುತ್ತದೆ.

ಪೆಲೆಟ್ ತುಂಬುವುದು, ಹಚ್ಚುವುದು

ಇದೂ ಶುಚಿಗೆ ಸೇರಿದ ಕೆಲಸವೇ, ಏಕೆಂದರೆ ತಪ್ಪಾಗಿ ಹಚ್ಚಿದ ಒಲೆ ಒಂದೇ ವಾರದಲ್ಲಿ ಮಸಿ ಕಟ್ಟುತ್ತದೆ. ಪೆಲೆಟ್ ಅನ್ನು ಮೊರದಲ್ಲಿ ಕೇರಿ ಅಥವಾ ಜರಡಿ ಹಿಡಿದು ಪುಡಿ ತೆಗೆಯಿರಿ. ಪುಡಿ ಗುಳಿಗೆಗಳ ಸಂದಿಗೆ ಕೂತರೆ ಗಾಳಿಗೆ ದಾರಿ ಇಲ್ಲ. ಮೇಲಿನ ಸಾಲು ತೂತಿಗಿಂತ ಒಂದು ಬೆರಳು ಕೆಳಗೆ ತುಂಬುವುದನ್ನು ನಿಲ್ಲಿಸಿ. "ಇನ್ನೊಂದು ಹಿಡಿ ಇರ್ಲಿ" ಅಂತ ತುಂಬಿದರೆ ತೂತು ಮುಚ್ಚಿತು ಎಂದೇ ಅರ್ಥ. ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು. ಒಣ ತೆಂಗಿನ ನಾರು, ಬೇವಿನ ಸಣ್ಣ ಪುರಳೆ ಇಟ್ಟು ಹಚ್ಚಿ, ಅದು ಹಿಡಿದ ಮೇಲೆ ಫ್ಯಾನನ್ನು ಸಣ್ಣದಾಗಿ ಹಾಕಿ, ಆಮೇಲೆ ಹೆಚ್ಚಿಸಿ. ಪೆಟ್ರೋಲ್ ಹತ್ತಿರಕ್ಕೂ ತರಬೇಡಿ.

ಮನೆ ಬಳಕೆಯ ಚಿಕ್ಕ ಒಲೆಗೆ ಒಂದು ಸಲಕ್ಕೆ ಸುಮಾರು 600 ಗ್ರಾಂ ಹಿಡಿಯುತ್ತದೆ, ಒಂದು ಗಂಟೆಯಷ್ಟು ಉರಿ ಬರುತ್ತದೆ. ನಡುವೆ ಮೇಲಿಂದ ಪೆಲೆಟ್ ಸುರಿದರೆ ಹೊಗೆ ಖಂಡಿತ. ಅದಕ್ಕೇ ಮೊದಲೇ ಲೆಕ್ಕ ಹಾಕಿಕೊಂಡು, ಸಾರಿಗೆ ಹೆಚ್ಚಿಕೊಳ್ಳುವುದು, ಅಕ್ಕಿ ತೊಳೆಯುವುದು ಎಲ್ಲ ಮುಗಿಸಿ ಒಲೆ ಹಚ್ಚಿ. ಹತ್ತಿಸಿಟ್ಟು ಈರುಳ್ಳಿ ಹೆಚ್ಚಲು ಕೂತರೆ ಒಳ್ಳೆ ಉರಿಯೆಲ್ಲ ಗಾಳಿಗೆ ಹೋಗುತ್ತದೆ.

ಪೆಲೆಟ್ ಚೀಲವನ್ನು ನೆಲದ ಮೇಲೆ ಇಡಬೇಡಿ, ಹಲಗೆಯೋ ಕಲ್ಲೋ ಹಾಕಿ ಅದರ ಮೇಲಿಡಿ, ಗೋಡೆಗೆ ತಾಗಿಸಬೇಡಿ. ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಸೀಮೆ, ಇಲ್ಲಿ ತೇವದ ಕಾಟ ಏನು ಎನ್ನಬಹುದು. ಆದರೆ ನಮಗೆ ಬರುವ ಅಷ್ಟಿಷ್ಟು ಮಳೆಯಲ್ಲಿ ಬಹುಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬರುತ್ತದೆ. ಆ ಎರಡು ತಿಂಗಳು ಸಾಕು, ಒಂದು ಚೀಲ ಉಬ್ಬಿ ಪುಡಿಯಾಗಲು. ಒಳ್ಳೆ ಪೆಲೆಟ್ ಮುರಿದರೆ ಚಟಕ್ಕನೆ ಮುರಿಯುತ್ತದೆ. ಮೆತ್ತಗೆ ಉದುರಿದರೆ ತೇವ ಹಿಡಿದಿದೆ ಎಂದು ತಿಳಿಯಿರಿ. ಸ್ವಲ್ಪ ತೇವವಾದರೆ ಬಿಸಿಲಿಗೆ ಹರಡಿ ಒಣಗಿಸಬಹುದು, ಉಬ್ಬಿದ್ದು ಮತ್ತೆ ಗುಳಿಗೆಯಾಗುವುದಿಲ್ಲ. ಅದನ್ನು ನೀರು ಕಾಯಿಸುವ ಒಲೆಗೆ ಹಾಕಿಬಿಡಿ.

ಪೆಲೆಟ್ ಸಿಗದ ದಿನ ಏನು ಮಾಡುವುದು ಎಂದು ಕೇಳುತ್ತಾರೆ. ಚೆನ್ನಾಗಿ ಒಣಗಿದ ಬಳ್ಳಾರಿ ಜಾಲಿಯ ಕಡ್ಡಿಯನ್ನು ಒಂದೊಂದು ಇಂಚಿಗೆ ಕತ್ತರಿಸಿ ಹಾಕಿದರೆ ಉರಿಯುತ್ತದೆ. ಸಂದಿ ಹೆಚ್ಚಿರುವುದರಿಂದ ಬೇಗ ಮುಗಿಯುತ್ತದೆ. ಹಸಿ ಕಡ್ಡಿ, ಬೆರಣಿ, ಪ್ಲಾಸ್ಟಿಕ್ ಚೀಲ ಬೇಡ. ಪ್ಲಾಸ್ಟಿಕ್ ಕರಗಿ ಜಾಲರಿ ಮುಚ್ಚುವುದಲ್ಲದೆ ಅದರ ಹೊಗೆ ವಿಷ.

ಫ್ಯಾನು ಮತ್ತು ಬ್ಯಾಟರಿ

ಈ ಒಲೆಯ ಪ್ರಾಣ ಇರುವುದು ಇಲ್ಲಿ, ಕೆಡುವುದೂ ಇಲ್ಲೇ ಹೆಚ್ಚು. ವಾರಕ್ಕೊಮ್ಮೆ, ಸಂಘದ ಸಭೆಯ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ಫ್ಯಾನಿನ ಬಾಯಿಯ ಧೂಳನ್ನು ಒಣ ಬ್ರಶ್ಶಿನಿಂದ ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಫ್ಯಾನು ಗಾಳಿ ಎಳೆಯುವ ಜಾಗ ನೆಲಕ್ಕೆ ಹತ್ತಿರ ಇರುತ್ತದೆ, ನಮ್ಮ ಸಗಣಿ ಸಾರಿಸಿದ ನೆಲದ ಪುಡಿ, ರಾಗಿ ಹಿಟ್ಟು, ಕೂದಲು ಎಲ್ಲ ಒಳಗೆ ಹೋಗುತ್ತವೆ. ಒಂದು ಚಪ್ಪಟೆ ಕಡಪ ಕಲ್ಲಿನ ಮೇಲೆ ಒಲೆ ಇಟ್ಟರೆ ಅರ್ಧ ತೊಂದರೆ ಕಡಿಮೆ.

ಅಡುಗೆ ಮುಗಿದ ಕೂಡಲೇ ಬ್ಯಾಟರಿ ಉಳಿಸಲು ಫ್ಯಾನು ಬಂದ್ ಮಾಡುವುದು ಬಹಳ ಮನೆಗಳಲ್ಲಿದೆ. ಕೆಂಡ ತುಂಬಿರುವಾಗ ಗಾಳಿ ನಿಂತರೆ ಆ ಬಿಸಿ ಕೆಳಗಿಳಿದು ಫ್ಯಾನಿನ ಪ್ಲಾಸ್ಟಿಕ್, ವೈರು ಮೆತ್ತಗಾಗುತ್ತದೆ. ಕೆಂಡ ಆರುವ ತನಕ ಸಣ್ಣ ವೇಗದಲ್ಲಿ ತಿರುಗುತ್ತಿರಲಿ. ಆ ಕೆಂಡದ ಬಿಸಿಯಲ್ಲಿ ಹಾಲು ಕಾಯಿಸಿ, ಮಕ್ಕಳ ಸ್ನಾನಕ್ಕೆ ನೀರಿಡಿ, ವ್ಯರ್ಥ ಆಗುವುದಿಲ್ಲ.

ಬ್ಯಾಟರಿ ಪೂರ್ತಿ ಇಳಿಯುವ ತನಕ ಕಾಯಬೇಡಿ, ಫ್ಯಾನಿನ ಸದ್ದು ಸಣ್ಣಗಾಗುವ ಮೊದಲೇ ಚಾರ್ಜಿಗೆ ಹಾಕಿ. ಒಲೆಯನ್ನು ಬಳಸದೆ ಇಟ್ಟರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಸುಗ್ಗಿಯಲ್ಲಿ ಎರಡು ತಿಂಗಳು ಹೊಲದ ಗುಡಿಸಲಲ್ಲಿ ಅಡುಗೆ, ಮನೆಯ ಒಲೆ ಮೂಲೆಯಲ್ಲಿ, ವಾಪಸ್ ಬಂದು ನೋಡಿದರೆ ಬ್ಯಾಟರಿ ಏಳುವುದಿಲ್ಲ. ಹೀಗೆ ಸತ್ತ ಬ್ಯಾಟರಿಗಳೇ ಜಾಸ್ತಿ. ಹಗಲು ಕರೆಂಟ್ ಇರುವ ಹೊತ್ತು ಗೊತ್ತುಮಾಡಿಕೊಂಡು ಆಗ ಹಾಕಿ, ಮೊಬೈಲ್ ಚಾರ್ಜರ್ ಹಾಕಿ ನೋಡುವ ಪ್ರಯೋಗ ಬೇಡ, ಒಲೆಯ ಜೊತೆ ಬಂದ ಚಾರ್ಜರನ್ನೇ ಬಳಸಿ. ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ, ಬೆಂಕಿಗೂ ಹಾಕಬೇಡಿ, ಅಂಗಡಿಗೇ ಹಿಂದಕ್ಕೆ ಕೊಡಿ. ಇಲಿ ವೈರು ಕಡಿಯುತ್ತದೆ, ರಾತ್ರಿ ಒಲೆಯ ಮೇಲೆ ಬುಟ್ಟಿ ಮುಚ್ಚಿದರೂ ಸಾಕು, ಆದರೆ ಒಲೆ ತಣ್ಣಗಾದ ಮೇಲೆ.

ಮುದ್ದೆ ತಿರುವುವಾಗ

ಒಲೆ ತಯಾರು ಮಾಡಿದವರಿಗೆ ಮುದ್ದೆಯ ವಿಷಯ ಗೊತ್ತಿತ್ತೋ ಇಲ್ಲವೋ, ನಮಗಂತೂ ದಿನಾ ಅದೇ ಊಟ. ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು ಎರಡು ಕೈಯಲ್ಲಿ ಜೋರಾಗಿ ತಿರುವಿದರೆ ಈ ಎತ್ತರದ, ಹಗುರ ಒಲೆ ಅಲ್ಲಾಡುತ್ತದೆ, ಉರಿಯುವ ಪೆಲೆಟ್ ಸಮೇತ ಬೀಳಲೂಬಹುದು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ ತಿರುವಿ, ಬೇಕಿದ್ದರೆ ಮತ್ತೆ ಒಂದು ನಿಮಿಷ ಒಲೆಗಿಡಿ. ಹೆಚ್ಚು ಜನರ ಮನೆಯವರು ಒಲೆಯ ಸುತ್ತ ಮೂರು ಇಟ್ಟಿಗೆ ಕಟ್ಟಿ, ಪಾತ್ರೆಯ ಭಾರ ಇಟ್ಟಿಗೆಯ ಮೇಲೆ ಬೀಳುವಂತೆ ಮಾಡಿಕೊಳ್ಳಬಹುದು. ಪಾತ್ರೆಯ ತಳಕ್ಕೂ ಒಲೆಯ ಬಾಯಿಗೂ ನಡುವೆ ಬೆರಳು ಹೋಗುವಷ್ಟು ಸಂದಿ ಇರಬೇಕು, ಫ್ಯಾನಿನ ಬಾಯಿ ಮುಚ್ಚಬಾರದು. ಅನ್ನ, ಸಾರು ಉಕ್ಕಿ ಒಳಗೆ ಬಿದ್ದರೆ ಆ ಗಂಜಿ ಜಾಲರಿಯಲ್ಲಿ ಸುಟ್ಟು ಕಲ್ಲಾಗುತ್ತದೆ, ಅವತ್ತೇ ಆರಿಸಿ ತೆಗೆಯಬೇಕು.

ಬೂದಿಯ ಜೊತೆ ಹುಷಾರು

ಮೇಲೆ ಬೆಳ್ಳಗೆ ಕಂಡ ಬೂದಿಯೊಳಗೆ ಕೆಂಡ ಒಂದು ದಿನದವರೆಗೂ ಇರಬಹುದು. ಆಷಾಢದ ಗಾಳಿ ನಮ್ಮ ಕಡೆ ಹೇಗೆಂದು ಹೇಳಬೇಕಾಗಿಲ್ಲ, ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದೇ ಆ ಗಾಳಿ ನೋಡಿ. ಬೂದಿಯನ್ನು ತಿಪ್ಪೆಗೆ ಸುರಿದು ಬಂದರೆ ಒಂದು ಕಿಡಿ ಹಾರಿ ಬಣವೆಗೆ ಬೀಳಲು ಎಷ್ಟು ಹೊತ್ತು? ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಒಂದು ದಿನ ಇಟ್ಟು ಆಮೇಲೆ ಬಳಸಿ. ಪ್ಲಾಸ್ಟಿಕ್ ಬಕೆಟ್ ಬೇಡ. ತಣ್ಣಗಾದ ಬೂದಿ ಪಾತ್ರೆ ತಿಕ್ಕಲು, ಗೊಬ್ಬರದ ಗುಂಡಿಗೆ, ಅವರೆ, ತೊಗರಿಯ ಬಿತ್ತನೆ ಬೀಜಕ್ಕೆ ಹುಳ ಹತ್ತದಂತೆ ಬೆರೆಸಲು ಆಗುತ್ತದೆ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ.

ಯಾರಿಗಾದರೂ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಪೇಸ್ಟು, ಶಾಯಿ, ಅರಿಶಿನ ಹಚ್ಚಬೇಡಿ. ಬೊಬ್ಬೆ ದೊಡ್ಡದಾದರೆ, ಮಗುವಾದರೆ ಆಸ್ಪತ್ರೆಗೇ ಹೋಗಬೇಕು.

ಕಣ್ಣಿಗೆ ಕಾಣದ ಹೊಗೆ

ಇದನ್ನು ದಯವಿಟ್ಟು ಮನೆಮಂದಿಗೆಲ್ಲ ಹೇಳಿ. ಜ್ವಾಲೆ ಮುಗಿದು ಬರೀ ಕೆಂಡ ಉಳಿದಾಗ ಹೊಗೆ ಕಾಣುವುದಿಲ್ಲ. ಆದರೆ ಆಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಡಿಸೆಂಬರ್ ಚಳಿಗೆ, ಬಾಣಂತಿಗೆ ಕಾವು ಕೊಡಲು ಎಂದು ಕೆಂಡದ ಒಲೆಯನ್ನು ಮಲಗುವ ಕೋಣೆಗೆ ತರುವ ರೂಢಿ ನಮ್ಮಲ್ಲಿದೆ. ಬಾಗಿಲು ಮುಚ್ಚಿ ಮಲಗಿದರೆ ತಲೆನೋವು, ವಾಂತಿ, ಮಂಪರು ಬರುತ್ತದೆ, ಏಳಲಾಗದೆ ಹೋಗಬಹುದು. ಹೊಗೆಯಿಲ್ಲದ ಒಲೆ ಎಂದು ಮಾರುವವರು ಹೇಳಿದ್ದನ್ನು ಕೇಳಿ ಕಿಟಕಿ ಮುಚ್ಚಬೇಡಿ. ಅಡುಗೆಮನೆಯ ಒಂದು ಕಿಟಕಿ, ಮೇಲೆ ಒಂದು ಗವಾಕ್ಷಿ ಯಾವಾಗಲೂ ತೆರೆದಿರಲಿ. ಯಾರಾದರೂ ಮಂಪರಾದರೆ ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಹೊಗೆಕೊಳವೆ ಇರುವ ಒಲೆಯವರಿಗೆ

ಅಸ್ತ್ರ ಒಲೆ ಕಟ್ಟಿಸಿಕೊಂಡಿರುವ ಮನೆಗಳು ಇನ್ನೂ ಇವೆ. 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲೇ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಒಲೆ ಇದು. ಇದಕ್ಕೆ ಫ್ಯಾನಿಲ್ಲ, ಕೆಲಸವೆಲ್ಲ ಹೊಗೆಕೊಳವೆಯದು. ತಿಂಗಳಿಗೊಮ್ಮೆ ಉದ್ದ ಕೋಲಿಗೆ ಗೋಣಿ ಸುತ್ತಿ ಕೊಳವೆಯ ಮಸಿ ತೆಗೆಯಬೇಕು, ಪಾತ್ರೆಗಳ ಕೆಳಗಿನ ಹಾದಿಯ ಬೂದಿ ವಾರಕ್ಕೊಮ್ಮೆ ಬಾಚಬೇಕು. 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆ ಕೊಟ್ಟಿದ್ದರು. ಅದರಲ್ಲಿ ಬಹಳಷ್ಟು ಹಾಳಾದದ್ದು ಕಟ್ಟಿಕೊಟ್ಟವರು ಮತ್ತೆ ತಿರುಗಿ ನೋಡದೆ, ಶುಚಿ, ರಿಪೇರಿ ಯಾರ ಕೆಲಸ ಎಂದು ಯಾರೂ ಹೇಳಿಕೊಡದೆ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಮಗ್ಗ, ಒಲೆ ಒಂದೇ ಸೂರಿನಡಿ ಇದ್ದರೆ ಇದು ಇನ್ನೂ ಮುಖ್ಯ. ರೇಷ್ಮೆ ಹಾಸಿನ ಮೇಲೆ ಒಂದು ಚೂರು ಮಸಿ ಉದುರಿದರೆ ಸೀರೆಯ ಬೆಲೆಯೇ ಇಳಿಯುತ್ತದೆ.

ಲೆಕ್ಕ

ದಿನಕ್ಕೆ ಎರಡು ಸಲ ತುಂಬಿದರೆ 1 ಕಿಲೋ 200 ಗ್ರಾಂ, ತಿಂಗಳಿಗೆ 36 ಕಿಲೋ. ಕಿಲೋಗೆ 15 ರೂಪಾಯಿ ಎಂದು ಹಿಡಿದರೆ 540 ರೂಪಾಯಿ. ನಿಮಗೆ ಸಿಗುವ ಬೆಲೆ ಹಾಕಿ ನೀವೇ ಗುಣಿಸಿ. ಒಂದು 14.2 ಕಿಲೋ ಗ್ಯಾಸ್ ಸಿಲಿಂಡರ್ ಮಾಡುವ ಅಡುಗೆಗೆ, ಒಲೆ ಶುಚಿಯಾಗಿದ್ದರೆ, ಸುಮಾರು 55ರಿಂದ 60 ಕಿಲೋ ಪೆಲೆಟ್ ಬೇಕಾಗುತ್ತದೆ. ತೂತು ಕಟ್ಟಿದ ಒಲೆಗೆ ಇನ್ನೂ ಹೆಚ್ಚು. ಹಾಗಾಗಿ ಪೆಲೆಟ್ ಬೆಲೆ ಕಿಲೋಗೆ ಎಷ್ಟರವರೆಗೆ ಕಟ್ಟುತ್ತದೆ ಎಂಬುದನ್ನು ನಿಮ್ಮ ಸಿಲಿಂಡರ್ ಬೆಲೆಯನ್ನು 60ರಿಂದ ಭಾಗಿಸಿ ತಿಳಿಯಬಹುದು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಮ್ಮ ಬಹಳ ಸದಸ್ಯೆಯರ ಮನೆಯಲ್ಲಿ ಗ್ಯಾಸ್ ಇದೆ. ಗ್ಯಾಸ್ ತುಂಬಿಸಲು ಆಗುವವರು ಅದನ್ನು ಬಿಟ್ಟು ಇದಕ್ಕೆ ಬನ್ನಿ ಎಂದು ನಾವು ಹೇಳುವುದಿಲ್ಲ, ಹೊಗೆಯ ದೃಷ್ಟಿಯಿಂದ ಗ್ಯಾಸೇ ಮೇಲು. ಸಿಲಿಂಡರ್ ಖಾಲಿಯಾಗಿ ಕೈಯಲ್ಲಿ ಕಾಸಿಲ್ಲದ ವಾರದಲ್ಲಿ ಮೂರು ಕಲ್ಲಿನ ಒಲೆಗೆ ಹೋಗುವ ಬದಲು ಈ ಒಲೆ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಬಿಡಿಭಾಗದ ವಿಷಯವನ್ನು ಒಬ್ಬೊಬ್ಬರೇ ಮಾಡಿಕೊಳ್ಳುವುದು ಕಷ್ಟ. ಐದಾರು ಮನೆಯಲ್ಲಿ ಒಂದೇ ಬಗೆಯ ಒಲೆ ಇದ್ದರೆ ಸಂಘದಿಂದ ಒಂದು ಜಾಲರಿ, ಒಂದು ಫ್ಯಾನು, ಒಂದು ಬ್ಯಾಟರಿ ತಂದು ಪ್ರತಿನಿಧಿಯ ಮನೆಯಲ್ಲಿಡಿ, ಯಾರದ್ದು ಕೆಟ್ಟರೆ ಅವರು ತಗೊಂಡು ಹಣ ಕಟ್ಟಲಿ, ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಚಳ್ಳಕೆರೆಗೋ ಬಳ್ಳಾರಿಗೋ ಫ್ಯಾನು ತರಲು ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಅದರ ಮೇಲೆ ಬರೆದ ವೋಲ್ಟ್, ಅಗಲ, ವೈರಿನ ತುದಿ ಮೂರೂ ಹೊಸದಕ್ಕೆ ಸರಿಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಬ್ಯಾಟರಿಗೆ ಕೂಡಿಸಿ ತಿರುಗಿಸಿ ನೋಡಿ. ಗಾಳಿ ಒಲೆಯ ಒಳಕ್ಕೆ ಹೋಗಬೇಕು. ಕೆಂಪು, ಕಪ್ಪು ವೈರು ಅದಲು ಬದಲಾದರೆ ಕೆಲವು ಫ್ಯಾನು ತಿರುಗುವುದೇ ಇಲ್ಲ, ಕೆಲವು ಹಿಂದುಮುಂದಾಗಿ ತಿರುಗುತ್ತವೆ. ಕೂರಿಸಿದ ಮೇಲೆ ಒಲೆ ಹಚ್ಚುವ ಮೊದಲು ಉರಿಗುಂಡಿಯ ಮೇಲೆ ಒಂದು ಚೂರು ಕಾಗದ ಹಿಡಿಯಿರಿ, ಅದು ಮೇಲಕ್ಕೆ ಹಾರಿದರೆ ಸರಿಯಾಗಿದೆ.